ಬಡಾವಣೆ ಮಕ್ಕಳ ಫುಟ್‌ಬಾಲ್ ಲೀಗ್: ಕೋಚ್ ಮತ್ತು ಕ್ರೀಡಾ ವೈದ್ಯೆಯ ಜೊತೆ ಪ್ರಶ್ನೋತ್ತರ

ಸಂಘದ ಕಾರ್ಯದರ್ಶಿ, ಬೆಂಗಳೂರು: ನಮಸ್ಕಾರ ಸರ್. ನಮ್ಮ ಬಡಾವಣೆಯಲ್ಲಿ ಮಕ್ಕಳಿಗೆ ಭಾನುವಾರದ ಫುಟ್‌ಬಾಲ್ ಲೀಗ್ ಶುರು ಮಾಡಬೇಕು ಅಂತಿದ್ದೇವೆ. 92 ಹೆಸರು ಬಂದಿವೆ: 6–7 ವರ್ಷದವರು 24, 8–9ರವರು 32, 10–11ರವರು 36. ಪಕ್ಕದ ಶಾಲೆಯವರು ಮಣ್ಣಿನ ಮೈದಾನ ಕೊಡ್ತಾರೆ, 60 ಮೀಟರ್ ಉದ್ದ, 40 ಮೀಟರ್ ಅಗಲ. ಹನ್ನೊಂದು ಜನರ ಲೆಕ್ಕದಲ್ಲಿ ಎಂಟು ತಂಡ ಮಾಡಿದರೆ ನಾಲ್ಕು ಮಕ್ಕಳು ಉಳೀತಾರೆ. ಅವರನ್ನೇನು ಮಾಡೋದು?

ಕೋಚ್: ಹನ್ನೊಂದರ ಲೆಕ್ಕವನ್ನೇ ಬಿಡಿ ಸರ್, ಯಾರೂ ಉಳಿಯಲ್ಲ. ಅಷ್ಟು ಜಾಗದಲ್ಲಿ 22 ಮಕ್ಕಳನ್ನು ಬಿಟ್ಟರೆ ಎಲ್ಲರೂ ಚೆಂಡಿನ ಸುತ್ತ ಮುತ್ತಿಕೊಳ್ತಾರೆ. ಗಟ್ಟಿಗರು ನಾಲ್ಕು ಜನ ಆಡ್ತಾರೆ, ಮಿಕ್ಕವರು ಓಡಾಡಿ ಸುಸ್ತಾಗ್ತಾರೆ. ಕಾಲಿಗೆ ಕಾಲು, ತಲೆಗೆ ತಲೆ ಬಡಿಯೋದೂ ಆ ಗುಂಪಿನಲ್ಲೇ. ತಂಡ ಚಿಕ್ಕದಾದಷ್ಟೂ ಪ್ರತಿ ಮಗುವಿಗೆ ಚೆಂಡು ಹೆಚ್ಚು ಸಿಗುತ್ತೆ, ಡಿಕ್ಕಿ ಕಡಿಮೆಯಾಗುತ್ತೆ.

6–7ರವರಿಗೆ ನಾಲ್ಕು ಜನರ ಆಟ, ಗೋಲ್‌ಕೀಪರ್ ಇಲ್ಲ. ಆರು ಮಕ್ಕಳ ನಾಲ್ಕು ತಂಡ. ಅಂಕಣ 26×17 ಮೀಟರ್. ಇಂಥ ಎರಡು ಅಂಕಣ ನಿಮ್ಮ ಅರ್ಧ ಮೈದಾನದಲ್ಲೇ ಹಿಡಿಸುತ್ತವೆ. ಉಳಿದರ್ಧದಲ್ಲಿ ಮುಂದಿನ ಸರದಿಯವರು ಮೈ ಬಿಸಿ ಮಾಡಿಕೊಳ್ಳಲಿ.

8–9ರವರಿಗೆ ಐದು ಜನರ ಆಟ, ಗೋಲ್‌ಕೀಪರ್ ಸೇರಿ. ಎಂಟು ಮಕ್ಕಳ ನಾಲ್ಕು ತಂಡ. 36×26ರ ಎರಡು ಅಂಕಣ, ಮೈದಾನಕ್ಕೆ ಅಡ್ಡಲಾಗಿ.

10–11ರವರಿಗೆ ಏಳು ಜನರ ಆಟ. ಒಂಬತ್ತು ಮಕ್ಕಳ ನಾಲ್ಕು ತಂಡ, 54×34ರ ಒಂದೇ ಅಂಕಣ. ಸುತ್ತ 3 ಮೀಟರ್ ಖಾಲಿ ಉಳಿಯುತ್ತೆ. ಆ 3 ಮೀಟರ್‌ನಲ್ಲಿ ಬೆಂಚು, ಬೈಕು, ನೀರಿನ ಕ್ಯಾನು ಯಾವುದೂ ಇರಬಾರದು. ಗೆರೆ ದಾಟಿ ಓಡುವ ಮಗು ತಕ್ಷಣ ನಿಲ್ಲೋಕೆ ಆಗಲ್ಲ.

ಚೆಂಡು: 6–7ಕ್ಕೆ 3ನೇ ನಂಬರ್ (ಸುತ್ತಳತೆ ಸುಮಾರು 58–60 ಸೆಂ.ಮೀ.), ಮೇಲಿನ ಎರಡೂ ಗುಂಪಿಗೆ 4ನೇ ನಂಬರ್ (63.5–66 ಸೆಂ.ಮೀ.). 5ನೇ ನಂಬರ್ ಕೊಳ್ಳಬೇಡಿ. ಬೆಳೆಯೋ ಕಾಲು ಅಂತ ಶಾಲೆಯ ಶೂ ಒಂದು ಸೈಜ್ ದೊಡ್ಡದು ತರ್ತೀವಲ್ಲ, ಆ ಬುದ್ಧಿ ಇಲ್ಲಿ ನಡೆಯಲ್ಲ. ದೊಡ್ಡ ಚೆಂಡನ್ನು ಒದೆಯಲು ಮಗು ಮೈಯೆಲ್ಲ ಹಿಂದಕ್ಕೆ ವಾಲಿಸುತ್ತೆ, ಆ ತಪ್ಪು ರೂಢಿ ಆಮೇಲೆ ಬಿಡೋದು ಕಷ್ಟ. ಗಾಳಿಯನ್ನೂ ಕಲ್ಲಿನ ಹಾಗೆ ತುಂಬಬೇಡಿ, ಹೆಬ್ಬೆರಳು ಒತ್ತಿದರೆ ಕೊಂಚ ತಗ್ಗಬೇಕು.

ಕಾರ್ಯದರ್ಶಿ: ಒಂದೇ ಭಾನುವಾರ ಎಲ್ಲರೂ ಮುಗೀತಾರಾ ಸರ್? ಯಾವ ತಿಂಗಳು ಒಳ್ಳೆಯದು?

ಕೋಚ್: ಮುಗೀತಾರೆ. ಬೆಳಗ್ಗೆ 7 ಗಂಟೆಗೆ 6–7 ವರ್ಷದವರ ಎರಡೂ ಪಂದ್ಯ ಒಟ್ಟಿಗೆ, 8 ನಿಮಿಷದ ನಾಲ್ಕು ಭಾಗ. 7.50ಕ್ಕೆ 8–9ರ ಎರಡು ಪಂದ್ಯ, 10 ನಿಮಿಷದ ನಾಲ್ಕು ಭಾಗ. 8.50ಕ್ಕೆ ಮತ್ತು 9.55ಕ್ಕೆ 10–11ರ ಒಂದೊಂದು ಪಂದ್ಯ, 12 ನಿಮಿಷದ ನಾಲ್ಕು ಭಾಗ. 11ರೊಳಗೆ ಮನೆ. ಪ್ರತಿ ಭಾಗದ ನಡುವೆ ಎರಡು ನಿಮಿಷ ನೀರು. ಬಾಯಾರಿಕೆ ಅಂತ ಮಗು ಹೇಳಲಿ ಅಂತ ಕಾಯಬೇಡಿ. ಅಂಕಣ ಬದಲಿಸೋಕೆ ಸುಣ್ಣದ ಗೆರೆ ಬೇಡ, ಮೂರು ಬಣ್ಣದ ಚಪ್ಪಟೆ ಕೋನ್ ಸಾಕು. ಶನಿವಾರ ಸಂಜೆಯೇ ಮೂಲೆಗಳನ್ನು ಅಳೆದು ನೆಲದಲ್ಲಿ ಗುರುತು ಮಾಡಿಟ್ಟರೆ ಬೆಳಗ್ಗೆ ಐದು ನಿಮಿಷದ ಕೆಲಸ. ಹಾಗೇ ಮೈದಾನದ ಉದ್ದಕ್ಕೂ ಸಾಲಾಗಿ ನಡೆದು ಕಲ್ಲು, ಗಾಜು, ಮೊಳೆ ಹೆಕ್ಕಿ.

ನಾಲ್ಕು ತಂಡಕ್ಕೆ 1ರಿಂದ 4 ಅಂತ ನಂಬರ್ ಕೊಟ್ಟರೆ ಮೂರು ಸುತ್ತು: 1–4, 2–3, ಆಮೇಲೆ 1–3, 4–2, ಆಮೇಲೆ 1–2, 3–4. ಇದನ್ನೇ ಇನ್ನೊಮ್ಮೆ ತಿರುಗಿಸಿದರೆ ಆರು ಭಾನುವಾರ. ನವೆಂಬರ್ ನಡುವಿನಿಂದ ಜನವರಿವರೆಗೆ ಇಟ್ಟುಕೊಳ್ಳಿ, ಮಳೆ ಬಿಟ್ಟಿರುತ್ತೆ, ಬಿಸಿಲೂ ಹಿತ. ಏಪ್ರಿಲ್–ಮೇ ರಜೆಯಲ್ಲೇ ಆಗಬೇಕು ಅಂದರೆ ಬೆಳಗ್ಗೆ ಮಾತ್ರ, ಸಂಜೆ ಗುಡುಗಿನ ಕಾಟ. ಮಿಂಚು ಕಂಡ ಮೇಲೆ 30 ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿ.ಮೀ. ಒಳಗಿದೆ ಅಂತ ಅರ್ಥ. ಕೂಡಲೇ ಆಟ ನಿಲ್ಲಿಸಿ ಮಕ್ಕಳನ್ನು ಶಾಲೆಯ ಕಟ್ಟಡದೊಳಕ್ಕೆ ಕಳಿಸಿ. ಮರದಡಿಯೂ ಬೇಡ, ಶಾಮಿಯಾನವೂ ಬೇಡ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಗೆ ಬಿಡಬೇಡಿ. ನಡುವೆ ಇನ್ನೊಂದು ಗುಡುಗಿದರೆ ಎಣಿಕೆ ಮತ್ತೆ ಮೊದಲಿಂದ.

ಒಬ್ಬ ತಂದೆ, ಮೈಸೂರು: ನಮ್ಮಲ್ಲಿ ತಂಡ ಹಂಚೋವಾಗಲೇ ಜಗಳ ಸರ್. ಶಾಲಾ ತಂಡದಲ್ಲಿ ಆಡೋ ಐದಾರು ಹುಡುಗರು ಒಟ್ಟಿಗೇ ಇರಬೇಕಂತೆ.

ಕೋಚ್: ಒಟ್ಟಿಗೆ ಬಿಟ್ಟರೆ ಎರಡನೇ ವಾರಕ್ಕೇ ಲೀಗ್ ಮುಗಿದ ಹಾಗೆ. ಹಿಂದಿನ ವಾರ ಎರಡು ಸಂಜೆ ಎಲ್ಲರನ್ನೂ ಕಲಸಿ ಆಡಿಸಿ. ಇಬ್ಬರು ಬೇರೆಬೇರೆ ಕೂತು ಪ್ರತಿ ಮಗುವಿಗೆ 1ರಿಂದ 5ರವರೆಗೆ ಅಂಕ ಹಾಕಲಿ. ಸರಾಸರಿ ತೆಗೆದು ಮೇಲಿಂದ ಕೆಳಕ್ಕೆ ಪಟ್ಟಿ ಮಾಡಿ, ಹಾವಿನ ನಡಿಗೆಯಲ್ಲಿ ಹಂಚಿ: ಮೊದಲ ನಾಲ್ವರು ಎ, ಬಿ, ಸಿ, ಡಿ, ಮುಂದಿನ ನಾಲ್ವರು ಡಿ, ಸಿ, ಬಿ, ಎ, ಮತ್ತೆ ಎ ಇಂದ. ಅಣ್ಣತಮ್ಮಂದಿರು, ಒಂದೇ ಆಟೋದಲ್ಲಿ ಬರುವವರು ಇಂಥವರಿಗೆ ಮಾತ್ರ ಅಂಕ ಸರಿಹೊಂದುವವರ ಜೊತೆ ಅದಲುಬದಲು. ಸ್ನೇಹಿತನ ಕೋರಿಕೆ ಒಬ್ಬೊಬ್ಬರಿಗೆ ಒಂದೇ. ಅಂಕದ ಹಾಳೆ ಯಾವ ಕಾರಣಕ್ಕೂ ವಾಟ್ಸಾಪ್‌ಗೆ ಹೋಗಬಾರದು. ಇನ್ನು ನಾಯಕರಿಬ್ಬರು ಎದುರಿಗೆ ನಿಂತು ಒಬ್ಬೊಬ್ಬರನ್ನೇ ಕರೆಯೋ ಗಲ್ಲಿ ಪದ್ಧತಿ ಇದೆಯಲ್ಲ, ಅದು ಬೇಡವೇ ಬೇಡ. ಕೊನೆಗೆ ಉಳಿದ ಮಗು ಮುಂದಿನ ವಾರ ಬರಲ್ಲ.

ಅದೇ ತಂದೆ: ಚೆನ್ನಾಗಿ ಆಡದ ಮಕ್ಕಳನ್ನು ಎಷ್ಟು ಹೊತ್ತು ಇಳಿಸಬೇಕು?

ಕೋಚ್: ಎಲ್ಲರಷ್ಟೇ. ಪಂದ್ಯವನ್ನು ನಾಲ್ಕು ಭಾಗ ಮಾಡಿದ್ದೇ ಅದಕ್ಕೆ. ನಾಲ್ಕು ಜನರ ಆಟದಲ್ಲಿ ಒಟ್ಟು 16 ಜಾಗ, ಆರು ಮಕ್ಕಳು: ನಾಲ್ವರಿಗೆ ಮೂರು ಭಾಗ, ಇಬ್ಬರಿಗೆ ಎರಡು. ಐದು ಜನರ ಆಟದಲ್ಲಿ 20 ಜಾಗ, ಎಂಟು ಮಕ್ಕಳು: ನಾಲ್ವರಿಗೆ ಮೂರು, ನಾಲ್ವರಿಗೆ ಎರಡು. ಏಳರ ಆಟದಲ್ಲಿ 28 ಜಾಗ, ಒಂಬತ್ತು ಮಕ್ಕಳು: ಎಲ್ಲರಿಗೂ ಮೂರು, ಒಬ್ಬರಿಗೆ ನಾಲ್ಕು. ಕಡಿಮೆ ಸಿಕ್ಕವರಿಗೆ ಮುಂದಿನ ವಾರ ಹೆಚ್ಚು. ಶನಿವಾರವೇ ರಟ್ಟಿನ ಮೇಲೆ ಬರೆದಿಡಿ. ಪಂದ್ಯ ಬಿಗಿಯಾದಾಗ ಎಂಥ ಒಳ್ಳೆಯವರ ಕೈಯೂ ಬಲಿಷ್ಠ ಹುಡುಗನ ಕಡೆಗೇ ಹೋಗುತ್ತೆ, ರಟ್ಟು ಇದ್ದರೆ ಹೋಗಲ್ಲ. ಗೋಲ್‌ಕೀಪರ್ ಭಾಗಕ್ಕೊಬ್ಬರು. ದಪ್ಪಗಿದ್ದಾನೆ ಅಂತ ಒಬ್ಬನನ್ನೇ ಗೋಲಿಗೆ ನಿಲ್ಲಿಸೋದು ನಮ್ಮ ಮೈದಾನಗಳ ಹಳೇ ರೋಗ.

ಒಬ್ಬ ತಾಯಿ, ಕ್ಯಾಲಿಫೋರ್ನಿಯಾ: ಇಲ್ಲಿ ಎವೈಎಸ್‌ಒ ಲೀಗ್‌ಗಳಲ್ಲೂ ಇದೇ ನಿಯಮ. 1964ರಲ್ಲಿ ಇಲ್ಲಿನ ಟೊರನ್ಸ್ ಊರಿನಲ್ಲಿ ಶುರುವಾದ, ಅಮೆರಿಕದ ಮಕ್ಕಳ ಫುಟ್‌ಬಾಲ್ ಸಂಸ್ಥೆ. ಪ್ರತಿ ಮಗು ಕನಿಷ್ಠ ಅರ್ಧ ಪಂದ್ಯ ಆಡಲೇಬೇಕು. ತಂಡಗಳನ್ನೂ ಪ್ರತಿ ಸೀಸನ್ ಹೊಸದಾಗಿ ಸಮ ಮಾಡ್ತಾರೆ.

ಒಬ್ಬ ತಾಯಿ, ಹುಬ್ಬಳ್ಳಿ: ಡಾಕ್ಟರ್ ಮೇಡಂ, ಮಗ 9 ವರ್ಷದವ, ಟಿವಿ ನೋಡಿ ತಲೆಯಿಂದ ಚೆಂಡು ಹೊಡೀತಾನ. ಬಿಡಬಹುದೇನ್ರಿ?

ಕ್ರೀಡಾ ವೈದ್ಯೆ: ಬೇಡಮ್ಮ. ಅಮೆರಿಕದ ಫುಟ್‌ಬಾಲ್ ಒಕ್ಕೂಟ 10 ವರ್ಷ ಮತ್ತು ಅದಕ್ಕೂ ಚಿಕ್ಕವರಿಗೆ ಹೆಡಿಂಗ್ ಪೂರ್ತಿ ನಿಲ್ಲಿಸಿದೆ. 11–13ರವರಿಗೆ ಅಭ್ಯಾಸದಲ್ಲಿ ವಾರಕ್ಕೆ 30 ನಿಮಿಷ, ಒಬ್ಬರಿಗೆ 15–20 ಸಲ ಅಂತ ಮಿತಿ ಹಾಕಿದೆ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ, ಕತ್ತಿನ ಸ್ನಾಯು ಎಳಸು. ಅದಕ್ಕಿಂತ ದೊಡ್ಡ ಅಪಾಯ ಅಂದರೆ ಮೇಲಿಂದ ಬರೋ ಚೆಂಡು ನೋಡ್ತಾ ಇಬ್ಬರು ಒಟ್ಟಿಗೆ ಹಾರಿ ತಲೆ ಡಿಕ್ಕಿ ಹೊಡ್ಕೊಳ್ಳೋದು. ನಿಮ್ಮ ಲೀಗ್‌ನಲ್ಲಿ 11ರವರೆಗೂ ಬೇಡ ಅಂತಲೇ ಒಂದೇ ನಿಯಮ ಇಡಿ. ಬೇಕಂತಲೇ ತಲೆ ಕೊಟ್ಟರೆ ಎದುರು ತಂಡಕ್ಕೆ ಪರೋಕ್ಷ ಫ್ರೀ ಕಿಕ್, ಅಂದರೆ ನೇರವಾಗಿ ಗೋಲಿಗೆ ಹೊಡೆದರೆ ಲೆಕ್ಕಕ್ಕಿಲ್ಲದ ಒದೆತ.

ಅದೇ ತಾಯಿ: ಅಕಸ್ಮಾತ್ ತಲೆಗೆ ಪೆಟ್ಟು ಬಿದ್ರ? ಹುಡುಗ್ರು ಎದ್ದು ನಿಂತು ಏನೂ ಆಗಿಲ್ಲ ಅಂತಾರಲ್ರಿ.

ಕ್ರೀಡಾ ವೈದ್ಯೆ: ಅವರ ಮಾತನ್ನು ನಂಬಬಾರದು, ಆಡೋ ಆಸೆಗೆ ಹಾಗಂತಾರೆ. ಪ್ರಜ್ಞೆ ತಪ್ಪಲೇಬೇಕು ಅಂತೇನಿಲ್ಲ, ಬಹುತೇಕ ಮೆದುಳು ಪೆಟ್ಟುಗಳಲ್ಲಿ ತಪ್ಪೋದೇ ಇಲ್ಲ. ಮಗು ಮಂಕಾಗಿ ನೋಡ್ತಿದ್ದರೆ, ಹೆಜ್ಜೆ ತಡವರಿಸಿದರೆ, ಕೇಳಿದ್ದಕ್ಕೆ ತಡವಾಗಿ ಉತ್ತರಿಸಿದರೆ, ಯಾವ ತಂಡದ ಜೊತೆ ಆಡ್ತಿದ್ದೀವಿ ಅನ್ನೋದು ಮರೆತಿದ್ದರೆ, ತಲೆನೋವು, ಓಕರಿಕೆ, ಬೆಳಕು ಚುಚ್ಚುತ್ತೆ ಅಂದರೆ ಆವತ್ತಿನ ಆಟ ಮುಗೀತು. ಹತ್ತು ನಿಮಿಷದಲ್ಲಿ ಸರಿಹೋದ ಅಂತ ಮತ್ತೆ ಇಳಿಸಬೇಡಿ. ಮೊದಲ ಪೆಟ್ಟು ಮಾಯುವ ಮುಂಚೆ ಬೀಳುವ ಎರಡನೆಯದು ಬಹಳ ಕೆಟ್ಟದ್ದು.

ವಾಂತಿ ಮೇಲಿಂದ ಮೇಲೆ ಆದರೆ, ತಲೆನೋವು ಏರುತ್ತಲೇ ಹೋದರೆ, ಫಿಟ್ಸ್ ಬಂದರೆ, ಎರಡೆರಡು ಕಂಡರೆ, ಮಂಪರು ಹೆಚ್ಚಿದರೆ, ಪ್ರಜ್ಞೆ ತಪ್ಪಿದ್ದರೆ 108ಕ್ಕೆ ಕರೆ ಮಾಡಿ, ಅದು ತಡವಾದರೆ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ. ಕತ್ತು ನೋಯುತ್ತೆ ಅಂದರೆ ಮಾತ್ರ ಮಗುವನ್ನು ಎತ್ತಬೇಡಿ, ಕೂರಿಸಬೇಡಿ, ಆಂಬುಲೆನ್ಸ್‌ನವರೇ ಬರಲಿ.

ಮತ್ತೆ ಆಡೋದು ಯಾವಾಗ ಅನ್ನೋದಕ್ಕೆ ಬ್ರಿಟನ್ 2023ರಲ್ಲಿ ಹವ್ಯಾಸಿ ಕ್ರೀಡೆಗೆ ಹೊರಡಿಸಿದ ಮಾರ್ಗಸೂಚಿ ನಮ್ಮಂಥ ಲೀಗ್‌ಗೆ ಸುಲಭ: ಪಂದ್ಯಕ್ಕೆ ಮರಳೋದು 21 ದಿನಕ್ಕಿಂತ ಮುಂಚೆ ಇಲ್ಲ. ಆರು ವಾರದ ಲೀಗ್‌ನಲ್ಲಿ ಅರ್ಧ ಹೋಯ್ತು ಅನ್ನಿಸಬಹುದು, ಹೋಗಲಿ. ಮೊದಲು ಪಾಠಕ್ಕೆ ಸರಿಯಾಗಿ ಕೂರಲಿ, ಆಮೇಲೆ ನಡಿಗೆ, ಓಟ, ಒಬ್ಬನೇ ಚೆಂಡಿನ ಅಭ್ಯಾಸ. ನಡುವೆ ತಲೆನೋವು ಮರಳಿದರೆ ಒಂದು ಹೆಜ್ಜೆ ಹಿಂದಕ್ಕೆ.

ಹಲ್ಲಿನ ವಿಷಯವನ್ನೂ ಹೇಳಿಬಿಡ್ತೀನಿ. ಶಾಶ್ವತ ಹಲ್ಲು ಬುಡಸಮೇತ ಕಿತ್ತು ಬಂದರೆ ಬೇರನ್ನು ಮುಟ್ಟದೆ ತುದಿ ಹಿಡಿದು ಹಾಲಿನಲ್ಲಿ ಹಾಕಿ, ಗಂಟೆಯೊಳಗೆ ದಂತವೈದ್ಯರ ಹತ್ತಿರ ಹೋಗಿ. ಹಾಲುಹಲ್ಲಾದರೆ ಮತ್ತೆ ಕೂರಿಸೋ ಪ್ರಯತ್ನ ಬೇಡ, ಒಳಗಿನ ಹಲ್ಲಿಗೆ ಏಟಾಗುತ್ತೆ.

ಕಾರ್ಯದರ್ಶಿ: ಗೋಲ್ ಕಂಬ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸೋಣ ಅಂತ ಸರ್, ಕಬ್ಬಿಣದ್ದು.

ಕೋಚ್: ಒಳ್ಳೆ ಜಾಗಕ್ಕೆ ಬಂದಿರಿ. ಇಡೀ ಲೀಗ್‌ನಲ್ಲಿ ಜೀವ ತೆಗೆಯಬಲ್ಲ ಸಾಮಾನು ಅಂದರೆ ಕಟ್ಟಿಹಾಕದ ಗೋಲ್. ಎತ್ತಿಡುವ ಗೋಲಿನ ಭಾರವೆಲ್ಲ ಮುಂದಿನ ಕಂಬ, ಅಡ್ಡಪಟ್ಟಿಯಲ್ಲಿ. ಹಿಂದಿನ ಚೌಕಟ್ಟು ಹಗುರ. ಮಗು ಜೋತುಬಿದ್ದು ತೂಗಿದರೆ ಇಡೀ ಗೋಲು ಮುಂದಕ್ಕೆ ಮಗುಚುತ್ತೆ, ಪಟ್ಟಿ ನೇರ ತಲೆ ಅಥವಾ ಎದೆಯ ಮೇಲೆ. ಬೇರೆ ದೇಶಗಳಲ್ಲಿ ಮಕ್ಕಳು ಹೀಗೇ ಸತ್ತಿದ್ದಾರೆ.

ಚಿಕ್ಕವರಿಗೆ 6×4 ಅಡಿಯ ಪಿವಿಸಿ ಗೋಲು ನಾಲ್ಕು, ಮೇಲಿನವರಿಗೆ 12×6 ಅಡಿಯದ್ದು ನಾಲ್ಕು ಸಾಕು. ಏಳರ ಆಟಕ್ಕೂ ಇದೇ ನಡೆಯುತ್ತೆ. ಮಣ್ಣಾದ್ದರಿಂದ ಹಿಂದಿನ ಪಟ್ಟಿಗೆ ಯು ಆಕಾರದ ಕಬ್ಬಿಣದ ಗೂಟ ಹೊಡೆದು, ಮೇಲೆ ಮರಳಿನ ಚೀಲ ಹೇರಿ. ಗೂಟದ ತಲೆ ನೆಲದ ಮಟ್ಟಕ್ಕೆ ಇಳಿದಿರಬೇಕು. ಟರ್ಫ್‌ನಲ್ಲಿ (ಕೃತಕ ಹುಲ್ಲಿನ ಮೈದಾನ) ಗೂಟ ಹೊಡೆಯೋಕೆ ಬಿಡಲ್ಲ, ಅಲ್ಲಿ ಚೀಲ ದುಪ್ಪಟ್ಟು. ಪಂದ್ಯದ ದಿನ ಬೆಳಗ್ಗೆ ಅಡ್ಡಪಟ್ಟಿಗೆ ಹಗ್ಗ ಕಟ್ಟಿ ದೂರ ನಿಂತು ಮುಂದಕ್ಕೆ ಜಗ್ಗಿ ನೋಡಿ. ಹಿಂಭಾಗ ಮೇಲೆದ್ದರೆ ಭಾರ ಸಾಲದು. ಆಟ ಮುಗಿದ ಕೂಡಲೇ ಗೋಲುಗಳನ್ನು ಎದುರುಬದುರು ಮಲಗಿಸಿ ಸರಪಳಿ ಹಾಕಿ ಬೀಗ ಜಡಿಯಿರಿ. ಅವಘಡ ಆಗೋದು ಸಾಮಾನ್ಯವಾಗಿ ದೊಡ್ಡವರು ಇಲ್ಲದ ಹೊತ್ತಲ್ಲಿ.

ಒಬ್ಬ ಅಜ್ಜಿ, ತುಮಕೂರು: ಮೊಮ್ಮಗಳಿಗೆ ಈಗಷ್ಟೇ ಕಿವಿ ಚುಚ್ಚಿಸಿದ್ದೀವಿ. ಓಲೆ ಮೇಲೆ ಟೇಪ್ ಅಂಟಿಸಿ ಆಡಿಸಬಹುದಾಪ್ಪ?

ಕೋಚ್: ಆಗಲ್ಲ ಅಜ್ಜಿ. ಒಡವೆ ತೆಗೀಬೇಕು, ಟೇಪ್ ಸುತ್ತೋದೂ ನಡೆಯಲ್ಲ ಅಂತ ಆಟದ 4ನೇ ನಿಯಮವೇ ಹೇಳುತ್ತೆ. ಓಲೆ, ಬೆಳ್ಳಿ ಕಡಗ, ಕಾಲ್ಗೆಜ್ಜೆ, ಕೊರಳ ದಾರ ಎಲ್ಲಕ್ಕೂ ಇದೇ ಮಾತು. ದಾರಕ್ಕೆ ಬೆರಳು ಸಿಕ್ಕಿದರೆ ಇಬ್ಬರಿಗೂ ಪೆಟ್ಟು. ಗಾಯ ಮಾಗಿ ಓಲೆ ತೆಗೆದು ಹಾಕುವ ಹಾಗಾಗೋವರೆಗೆ ಮೊಮ್ಮಗಳು ಚೆಂಡಿನ ಅಭ್ಯಾಸ ಒಬ್ಬಳೇ ಮಾಡಲಿ, ಪಂದ್ಯ ಬೇಡ. ಶಿನ್ ಗಾರ್ಡ್ (ಮೊಣಕಾಲಿನ ಕೆಳಗೆ ಕಾಲಿನ ಮುಂಭಾಗಕ್ಕೆ ಕಟ್ಟೋ ಕಾಪು) ಮಾತ್ರ ಅಭ್ಯಾಸಕ್ಕೂ ಕಡ್ಡಾಯ. ಪಾದದ ಗಂಟಿನ ಮೇಲಿಂದ ಮೊಣಕಾಲಿಗೆ ಎರಡು ಮೂರು ಬೆರಳು ಕೆಳಗಿನವರೆಗೆ ಬರಬೇಕು, ಕಾಲುಚೀಲ ಪೂರ್ತಿ ಮುಚ್ಚಬೇಕು.

ಒಬ್ಬ ತಂದೆ, ಮಂಗಳೂರು: ತಂಡಗಳ ಸೋಲು ಗೆಲುವಿನ ಅಂಕಪಟ್ಟಿ ಬೇಡ, ಎಲ್ಲರಿಗೂ ಮೆಡಲ್ ಅಂತ ಕೆಲವರು ಹೇಳ್ತಾರೆ. ಹಾಗಾದರೆ ಮಕ್ಕಳು ಸೋಲು ಗೆಲುವು ಕಲಿಯೋದು ಯಾವಾಗ ಮಾರಾಯ್ರೆ?

ಕೋಚ್: ಆರರ ಮಗುವೂ ಗೋಲ್ ಎಣಿಸುತ್ತೆ ಸರ್, ಅದನ್ನು ಕಲಿಸಬೇಕಿಲ್ಲ. ನಾವು ಪಟ್ಟಿ ತೂಗುಹಾಕಿದ ದಿನದಿಂದ ಎಣಿಸೋಕೆ ಶುರು ಮಾಡೋರು ದೊಡ್ಡವರು. 6–9ರವರಿಗೆ ಪಟ್ಟಿ ಬೇಡ. 10–11ಕ್ಕೆ ಬೇಕಾದರೆ ಇಡಿ, ಆದರೆ ಗೋಲುಗಳ ಅಂತರ ಲೆಕ್ಕಕ್ಕೆ ಬರಬಾರದು. ಬಂದರೆ 12–0 ಆಗೋವರೆಗೂ ಹೊಡೆಸ್ತಾರೆ. ಪಂದ್ಯದ ನಡುವೆ ಅಂತರ ನಾಲ್ಕು ಗೋಲಾದರೆ ಹಿಂದಿರುವ ತಂಡಕ್ಕೆ ಒಬ್ಬ ಆಟಗಾರ ಹೆಚ್ಚು, ಎರಡಕ್ಕೆ ಇಳಿದರೆ ವಾಪಸ್.

ಪೋಷಕರು ಒಂದೇ ಬದಿಯಲ್ಲಿ, ಗೆರೆಯಿಂದ 3 ಮೀಟರ್ ಹಿಂದೆ ಹಗ್ಗ ಕಟ್ಟಿ ಅದರಾಚೆ. ಗೋಲಿನ ಹಿಂದೆ ಯಾರೂ ನಿಲ್ಲಬಾರದು. ಚಪ್ಪಾಳೆ ಹೊಡೀಲಿ, "ಶೂಟ್ ಮಾಡೋ, ಪಾಸ್ ಕೊಡೋ" ಬೇಡ: ಕೋಚ್ ಒಂದು ಹೇಳಿ ಅಪ್ಪ ಇನ್ನೊಂದು ಕೂಗಿದರೆ ಮಗು ನಿಂತೇಬಿಡುತ್ತೆ. ರೆಫರಿಗಳು 14–16ರ ಹುಡುಗ ಹುಡುಗಿಯರಾದರೆ ಅವರ ಪಕ್ಕ ಒಬ್ಬ ದೊಡ್ಡವರು ಇರಲಿ. ರೆಫರಿ ಮೇಲೆ ದನಿ ಏರಿಸಿದ ಪೋಷಕರಿಗೆ ಒಮ್ಮೆ ಎಚ್ಚರಿಕೆ, ಎರಡನೇ ಸಲ ಗೇಟಿನಾಚೆ.

ಒಬ್ಬ ತಾಯಿ, ಬೆಂಗಳೂರು: ಸ್ವಯಂಸೇವಕರು ಯಾರ್ಯಾರೋ ಬರ್ತಾರೆ, ಮಕ್ಕಳ ಸುರಕ್ಷತೆಗೆ ಏನು ಮಾಡಬೇಕು?

ಕ್ರೀಡಾ ವೈದ್ಯೆ: ಪರಿಚಯದವರಾದರೂ ಗುರುತಿನ ಚೀಟಿ, ಪೊಲೀಸ್ ಪರಿಶೀಲನೆ ಎಲ್ಲರಿಗೂ ಒಂದೇ. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಮರೆಯಲ್ಲಿ ಒಬ್ಬರೇ ಇರಬಾರದು. ಶೌಚಾಲಯಕ್ಕೆ ಮಕ್ಕಳು ಜೋಡಿಯಾಗಿ ಹೋಗಲಿ, ದೊಡ್ಡವರು ಬಾಗಿಲಾಚೆ ನಿಲ್ಲಲಿ. ಮಕ್ಕಳಿಗೆ ಸಂದೇಶ ಪೋಷಕರ ಗುಂಪಿನ ಮೂಲಕವೇ. ಕರೆದೊಯ್ಯುವವರ ಹೆಸರು ಮೊದಲೇ ಬರೆದಿರಬೇಕು. "ಅಂಕಲ್ ಗೊತ್ತು" ಅಂತ ಮಗು ಅಂದರೆ ಸಾಲದು. ಲೈಂಗಿಕ ಕಿರುಕುಳದ ವಿಷಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಸಂಘದ ಸಭೆಯಲ್ಲಿ ರಾಜಿ ಮಾಡೋ ವಿಷಯ ಅಲ್ಲ. ಮಕ್ಕಳ ಸಹಾಯವಾಣಿ 1098. ಇದನ್ನು ನೀರಿನ ಮೇಜಿನ ಹತ್ತಿರ ಮಕ್ಕಳ ಕಣ್ಣಳತೆಗೇ ಅಂಟಿಸಿ.

ಕಾರ್ಯದರ್ಶಿ: ಕೊನೆಯದಾಗಿ, ವಾರದ ಮಧ್ಯೆ ಒಂದು ಗಂಟೆ ಅಭ್ಯಾಸ. ನಮ್ಮ ಸ್ವಯಂಸೇವಕರಿಗೆ ಆಟ ಅಷ್ಟಾಗಿ ಬರಲ್ಲ.

ಕೋಚ್: ಬರಬೇಕಂತಲೂ ಇಲ್ಲ. ಸಾಲಲ್ಲಿ ನಿಲ್ಲಿಸದಿದ್ದರೆ ಅರ್ಧ ಗೆದ್ದ ಹಾಗೆ. ಹತ್ತು ಮಕ್ಕಳ ಸಾಲಲ್ಲಿ ಒಬ್ಬನಿಗೆ ಸರದಿ ಬರೋದರೊಳಗೆ ಹಿಂದೆ ಇಬ್ಬರು ಜಗಳ ಆಡಿರ್ತಾರೆ. ಮಗುವಿಗೊಂದು ಚೆಂಡು ಇರಲಿ. ಮೊದಲ 15 ನಿಮಿಷ ಚೆಂಡಿನ ಜೊತೆ ಮುಟ್ಟಾಟ: 15×15 ಮೀಟರ್ ಚೌಕದಲ್ಲಿ ಎಲ್ಲರೂ ಚೆಂಡು ಉರುಳಿಸ್ತಾ ಓಡಲಿ, ಇಬ್ಬರು ಕಳ್ಳರು ಚೆಂಡನ್ನು ಹೊರಗೆ ಒದೆಯಲಿ, ಚೆಂಡು ಕಳಕೊಂಡವರು ಹತ್ತು ಸಲ ಅಂಗಾಲಲ್ಲಿ ತಟ್ಟಿ ವಾಪಸ್ ಬರಲಿ. ಮುಂದಿನ 15 ನಿಮಿಷ ಒಬ್ಬರಿಗೊಬ್ಬರು, ಇಬ್ಬರಿಗಿಬ್ಬರು. ಉಳಿದ ಅರ್ಧ ಗಂಟೆ ಆಟ. ಚೆಂಡು ಹೊರಗೆ ಹೋದರೆ ಥ್ರೋ-ಇನ್ (ಕೈಯಿಂದ ಒಳಕ್ಕೆ ಎಸೆಯೋದು) ಬೇಡ, ಕಾಲಲ್ಲೇ ಉರುಳಿಸಿಕೊಂಡು ಒಳಕ್ಕೆ ಬರಲಿ. ಗೋಲ್ ಕಿಕ್‌ಗೆ (ಗೋಲ್ ಮುಂದಿನಿಂದ ಚೆಂಡು ಒದ್ದು ಆಟ ಮತ್ತೆ ಶುರು ಮಾಡೋದು) ಎದುರಾಳಿಗಳು ಅರ್ಧಗೆರೆವರೆಗೆ ಹಿಂದೆ ಸರಿಯಲಿ, ಇಲ್ಲದಿದ್ದರೆ ಗೋಲ್ ಮುಂದೆಯೇ ಕಸಿದುಕೊಂಡು ಹೊಡೆಯೋದೇ ಆಟ ಆಗಿಬಿಡುತ್ತೆ. ಆಫ್‌ಸೈಡ್ (ಎದುರಾಳಿಗಳನ್ನು ದಾಟಿ ಅವರ ಗೋಲಿನ ಹತ್ತಿರ ಪಾಸ್‌ಗೆ ಕಾದು ನಿಲ್ಲಬಾರದು ಅನ್ನೋ ನಿಯಮ) ಏಳು ಜನರ ಆಟದಿಂದ ಸಾಕು. ತಂಡದ ಗುರುತಿಗೆ ಶರ್ಟಿನ ಮೇಲೆ ಹಾಕೋ ಬಣ್ಣದ ಬಿಬ್ ಮಾತ್ರ ವಾರವಾರ ಒಗೆಸಿ, ಅದರ ವಾಸನೆಗೇ ಮಕ್ಕಳು ಓಡಿಹೋಗ್ತಾರೆ.