ತುಮಕೂರು ಪೇಟೆಗೆ ದಟ್ಟಣೆ ಶುಲ್ಕ ಹಾಕಿದರೆ ನಡೆಯುತ್ತಾ?

ಮಂಡಿಪೇಟೆವಾಸಿ: ಸಂಜೆ ಹೊತ್ತು ಎಂ.ಜಿ. ರಸ್ತೆ, ಅಶೋಕ ರಸ್ತೆಗೆ ಕಾರು ತರುವವರಿಗೆ ಲಂಡನ್ ಥರ ಶುಲ್ಕ ಹಾಕಬಹುದಾ? ಫಾಸ್ಟ್ಯಾಗ್ ಹೇಗೂ ಇದೆ, ಅದರಲ್ಲೇ ಕಡಿತ ಮಾಡಿದರಾಯ್ತಲ್ಲ?

ಸಿಗ್ನಲ್ ಸಾರ್: ಫಾಸ್ಟ್ಯಾಗ್ ಬೈಕಿಗಿಲ್ಲ. ಅದರ ರೀಡರ್ ಕೆಲಸ ಮಾಡೋದು ಗಾಡಿಗಳು ಲೇನ್‌ನಲ್ಲಿ ಒಂದರ ಹಿಂದೊಂದು ಬಂದಾಗ. ನಮ್ಮಲ್ಲಿ ಆಟೊ, ಕಾರು ಮೈಗೆ ಮೈ ತಾಗಿಸಿಕೊಂಡು ನುಗ್ಗುತ್ತವೆ, ಪಕ್ಕದವನ ದುಡ್ಡು ಹೋದೀತು. ಲಂಡನ್, ಸ್ಟಾಕ್‌ಹೋಮ್ ಎರಡೂ ಕಡೆ ನಂಬರ್ ಪ್ಲೇಟ್ ಓದೋ ಕ್ಯಾಮೆರಾ ಇವೆ. ಇಲ್ಲಿ ಮಡಚಿದ ಪ್ಲೇಟು, ಚಿತ್ತಾರದ ಅಕ್ಷರ! ಅದೂ ಸರಿಹೋಯಿತೆನ್ನಿ, ಒಳಗೆ ಬರೋ ಪ್ರತಿ ಅಡ್ಡರಸ್ತೆಗೂ ಕ್ಯಾಮೆರಾ ಬೇಕು. ಒಂದು ಬಿಟ್ಟರೂ ಎಲ್ಲ ಗಾಡಿ ಆ ಗಲ್ಲಿಗೇ ತಿರುಗುತ್ತವೆ.

ಹೊರಪೇಟೆ ಹುಡುಗಿ: ಕ್ಯಾಮೆರಾ ಇಲ್ಲದೆಯೂ ಆಗುತ್ತೆ. ಸಿಂಗಪುರ 1975ರಲ್ಲಿ ಶುರು ಮಾಡಿದ್ದು ಗಾಜಿಗೆ ಅಂಟಿಸೋ ಕಾಗದದ ಪರವಾನಗಿಯಿಂದ. ಎಲೆಕ್ಟ್ರಾನಿಕ್ ಆಗಿದ್ದು 1998ರಲ್ಲಿ. ಸ್ಟಾಕ್‌ಹೋಮ್ 2006ರಲ್ಲಿ ಏಳು ತಿಂಗಳು ಪ್ರಯೋಗ ಮಾಡಿತು, ಶುಲ್ಕದ ಗಡಿ ದಾಟೋ ವಾಹನ ಸುಮಾರು ಶೇ 20 ಇಳಿದವು. ಆದರೆ ಶುಲ್ಕಕ್ಕೆ ಮೊದಲೇ ಬಸ್ ಹೆಚ್ಚಿಸಿದ್ದರು ಅನ್ನೋದನ್ನ ಇಲ್ಲಿ ಯಾರೂ ಹೇಳಲ್ಲ.

ಮಂಡಿಪೇಟೆವಾಸಿ: ಹಾಗಾದ್ರೆ ಇಲ್ಲಿ ಮೊದಲು ಏನು ಮಾಡಬೇಕು?

ಸಿಗ್ನಲ್ ಸಾರ್: ಪಾರ್ಕಿಂಗ್ ಶುಲ್ಕ. ಅಂಗಡಿ ಮುಂದೆ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತ ಗಾಡಿ ರಸ್ತೆಯ ಅಗಲವನ್ನೇ ತಿನ್ನುತ್ತೆ. ಮೊದಲ ಗಂಟೆಗೆ 20 ರೂಪಾಯಿ ಇಟ್ಟು, ಆಮೇಲೆ ಪ್ರತಿ ಗಂಟೆಗೂ ದುಪ್ಪಟ್ಟು ಮಾಡಿ. ಗಿರಾಕಿ ಬಂದು ಹೋಗ್ತಾನೆ, ದಿನವಿಡೀ ನಿಲ್ಲಿಸೋನು ಜಾಗ ಬಿಡ್ತಾನೆ. ಸರಕು ಇಳಿಸೋ ಟೆಂಪೊಗೆ ಬೆಳಿಗ್ಗೆ ಎಂಟರೊಳಗೆ ಬಿಟ್ಟಿ ಬಿಡಿ, ಇಲ್ಲದಿದ್ದರೆ ವರ್ತಕರು ಒಪ್ಪಲ್ಲ.