ಎಂಓವಿ ಫೈಲಿನ ಧ್ವನಿ ಟಿವಿಯಲ್ಲಿ ಕೇಳಿಸುತ್ತಿಲ್ಲ: ಇಡೀ ವಿಡಿಯೊ ಮತ್ತೆ ಎಕ್ಸ್‌ಪೋರ್ಟ್ ಮಾಡಬೇಕೆ?

ಕಡಿಯಾಳಿ:
ನಮಸ್ಕಾರ. ಉಡುಪಿ ಸಮೀಪದ ಮನೆಯೊಂದರ ಹರಕೆಯ ಯಕ್ಷಗಾನ ಆಟವನ್ನು ಚಿತ್ರೀಕರಿಸಿ, ಎಡಿಟ್ ಮಾಡಿ ಕೊಟ್ಟಿದ್ದೇನೆ. ಕ್ಯಾಮೆರಾದ ಮೈಕನ್ನೇ ನಂಬಿದರೆ ಚೆಂಡೆಯ ಅಬ್ಬರದಲ್ಲಿ ಭಾಗವತರ ಪದ್ಯ ಮುಚ್ಚಿಹೋಗುತ್ತದೆ. ಆದ್ದರಿಂದ ಮೈಕ್‌ಸೆಟ್‌ನವರ ಮಿಕ್ಸರಿನಿಂದ ನೇರವಾಗಿ 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲಾಗಿ ಧ್ವನಿ ತೆಗೆದುಕೊಂಡು ಚಿತ್ರಕ್ಕೆ ಹೊಂದಿಸಿದೆ. ಎಕ್ಸ್‌ಪೋರ್ಟ್ ಮಾಡುವಾಗ ಚಿತ್ರಕ್ಕೆ ಎಚ್.264, ಧ್ವನಿಗೆ ಪಿಸಿಎಂ (ಕುಗ್ಗಿಸದ ಧ್ವನಿ), ಎರಡನ್ನೂ ಹಿಡಿದಿಡುವ ಕಂಟೈನರ್ ಎಂಓವಿ. ನನ್ನ ಕಂಪ್ಯೂಟರಿನ ವಿಎಲ್‌ಸಿಯಲ್ಲಿ ಎಲ್ಲವೂ ಸರಿಯಾಗಿದೆ. ಆಟ ಆಡಿಸಿದ ಮನೆಯವರು ಪೆನ್‌ಡ್ರೈವನ್ನು ಟಿವಿಗೆ ಹಾಕಿದರೆ ವೇಷ ಕುಣಿಯುವುದು ಕಾಣುತ್ತದೆ, ಧ್ವನಿ ಮಾತ್ರ ಇಲ್ಲ. ಅವರ ಫೋನಿನಲ್ಲೂ ಹಾಗೆಯೇ. ಫೈಲ್ ಹೆಸರಿನ ಕೊನೆಯ ಎಂಓವಿಯನ್ನು ಎಂಪಿ4 ಎಂದು ತಿದ್ದಿದರೂ ಪ್ರಯೋಜನವಾಗಲಿಲ್ಲ. ಇಡೀ ರಾತ್ರಿಯ ಆಟವನ್ನು ಮತ್ತೆ ಎಕ್ಸ್‌ಪೋರ್ಟ್‌ಗೆ ಇಡದೆ ಧ್ವನಿಯನ್ನಷ್ಟೇ ಬದಲಿಸುವ ದಾರಿ ಇದೆಯೇ?

ಹಂಪನಕಟ್ಟೆ:
ದಾರಿ ಇದೆ, ಅದೂ ಸುಲಭದ್ದೇ. ಹೆಸರು ತಿದ್ದಿದರೆ ಒಳಗಿನ ಧ್ವನಿ ಪಿಸಿಎಂ ಆಗಿಯೇ ಉಳಿಯುತ್ತದೆ. ಎಂಪಿ4 ಹುಟ್ಟಿದ್ದು ಆಪಲ್‌ನ ಕ್ವಿಕ್‌ಟೈಮ್ ಫೈಲಿನ ರಚನೆಯಿಂದಲೇ. ಹಾಗಾಗಿ ಎಂಓವಿಗೂ ಅದಕ್ಕೂ ಹೊರನೋಟದಲ್ಲಿ ಹೋಲಿಕೆ ಬಹಳ. ಆದರೆ ಎಂಓವಿಯಲ್ಲಿ ಮೊದಲಿನಿಂದಲೂ ಪಿಸಿಎಂ ಸಹಜವಾಗಿ ಕೂರುತ್ತಿತ್ತು, ಎಂಪಿ4ರಲ್ಲಿ ಅದನ್ನು ಇಡುವ ಕ್ರಮಕ್ಕೆ ಐಎಸ್ಒ ಮಾನದಂಡ ಬಂದದ್ದೇ 2020ರಲ್ಲಿ. ಸೋನಿಯ ಎಕ್ಸ್ಎವಿಸಿ ಎಸ್ ಕ್ಯಾಮೆರಾಗಳು ಅದಕ್ಕೂ ಮೊದಲೇ ಎಂಪಿ4ರೊಳಗೆ ಪಿಸಿಎಂ ಇಡುತ್ತಿದ್ದವು ಎಂಬುದು ಬೇರೆ ಮಾತು. ಟಿವಿ ಮತ್ತು ಫೋನ್ ತಯಾರಿಸುವವರು ಎಂಪಿ4 ಎಂದರೆ ಎಎಸಿ (ಕುಗ್ಗಿಸಿದ) ಧ್ವನಿ ಎಂದೇ ಎಣಿಸಿರುತ್ತಾರೆ. ಗುರುತು ಸಿಗದ ಧ್ವನಿ ಎದುರಾದರೆ ಎಷ್ಟೋ ಟಿವಿಗಳು ದೋಷವನ್ನೂ ತೋರಿಸದೆ ಮೂಕವಾಗಿ ಚಿತ್ರ ಓಡಿಸುತ್ತವೆ.

ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ಚಿತ್ರದ ಕೋಡೆಕ್‌ಗೆ (ಕುಗ್ಗಿಸುವ ವಿಧಾನಕ್ಕೆ) ‘ಕಾಪಿ’ ಎಂದೂ, ಧ್ವನಿಯ ಕೋಡೆಕ್‌ಗೆ ‘ಎಎಸಿ’ ಎಂದೂ, ಬಿಟ್‌ರೇಟ್ 320 ಕೆ (ಸೆಕೆಂಡಿಗೆ 320 ಕಿಲೋಬಿಟ್) ಎಂದೂ ಕೊಟ್ಟು ಎಂಪಿ4 ಫೈಲ್ ಬರೆಸಿರಿ. ನಿಮ್ಮ ಚಿತ್ರ ಈಗಾಗಲೇ ಎಚ್.264 ಆಗಿರುವುದರಿಂದ ಅದನ್ನು ಮುಟ್ಟಬೇಕಾಗಿಯೇ ಇಲ್ಲ, ಗುಣಮಟ್ಟವೂ ಕೂದಲೆಳೆಯಷ್ಟು ಕೆಡುವುದಿಲ್ಲ. ಚಿತ್ರ ಎಡಿಟಿಂಗ್‌ಗೆ ಬಳಸುವ ಪ್ರೋರೆಸ್ ಕೋಡೆಕ್‌ನಲ್ಲಿ ಇದ್ದಿದ್ದರೆ ಮಾತ್ರ ಪೂರ್ತಿ ಎನ್‌ಕೋಡ್ ಮಾಡುವುದು ತಪ್ಪುತ್ತಿರಲಿಲ್ಲ.

ಸುರತ್ಕಲ್:
ವಿಎಲ್‌ಸಿಯಲ್ಲಿ ಕೇಳಿಸಿತೆಂಬುದು ಯಾವುದಕ್ಕೂ ಸಾಕ್ಷಿಯಲ್ಲ, ಏಕೆಂದರೆ ಅದು ತನ್ನದೇ ಡಿಕೋಡರ್‌ಗಳನ್ನು ಕಟ್ಟಿಕೊಂಡು ಬಂದಿರುತ್ತದೆ. ಆದರೆ ಫೈಲಿನೊಳಗೆ ಏನಿದೆಯೆಂದು ನೋಡಲು ಅದರ ಕೋಡೆಕ್ ಮಾಹಿತಿಯ ಕಿಟಕಿ ಉಪಯುಕ್ತ. ಕಂಟ್ರೋಲ್ ಮತ್ತು ಜೆ ಒತ್ತಿದರೆ ತೆರೆಯುತ್ತದೆ.

ಕಡಿಯಾಳಿ:
ಇಬ್ಬರಿಗೂ ಧನ್ಯವಾದಗಳು. ಎಎಸಿ ಮಾಡಿದರೆ ಚೆಂಡೆಯ ಪೆಟ್ಟು ಮೊಂಡಾಗುವುದಿಲ್ಲವೇ? 128 ಕೆ ಸಾಕೆಂದು ಪರಿಚಯದವರೊಬ್ಬರು ಹೇಳುತ್ತಾರೆ. ಇಲ್ಲದಿದ್ದರೆ ಎಂಕೆವಿ ಕಂಟೈನರಿನಲ್ಲಿ ನಷ್ಟವಿಲ್ಲದೆ ಕುಗ್ಗಿಸುವ ಫ್ಲ್ಯಾಕ್ ಧ್ವನಿ ಇಟ್ಟೇ ಕೊಡಬಹುದೇ?

ಹಂಪನಕಟ್ಟೆ:
ಮಾತಿಗೆ, ತಾಳಮದ್ದಳೆಯ ಅರ್ಥಗಾರಿಕೆಗೆ 128 ಕೆ ನಡೆದೀತು; ಚೆಂಡೆ ಮತ್ತು ಚಕ್ರತಾಳ ಜೊತೆಯಾಗಿ ಮೊಳಗುವ ಕಡೆ ಅದು ಸಾಲದು ಎಂಬುದು ನನ್ನ ಅಭಿಪ್ರಾಯ. ಎಎಸಿ ಧ್ವನಿಯನ್ನು 1024 ಸ್ಯಾಂಪಲ್‌ಗಳ ತುಂಡುಗಳಾಗಿ ಅಳೆಯುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ ಒಂದು ತುಂಡೆಂದರೆ ಸುಮಾರು 21 ಮಿಲಿಸೆಕೆಂಡ್. ನಿಶ್ಶಬ್ದದ ಮಧ್ಯದಿಂದ ಪೆಟ್ಟು ಏಕಾಏಕಿ ಬಿದ್ದಾಗ ಎನ್‌ಕೋಡರ್ ಆ ತುಂಡನ್ನು 128 ಸ್ಯಾಂಪಲ್‌ಗಳ ಎಂಟು ಚೂರುಗಳಾಗಿ ಒಡೆದುಕೊಳ್ಳುತ್ತದೆ, ಅದಕ್ಕೆ ಹೆಚ್ಚು ಬಿಟ್‌ಗಳು ಬೇಕು. ಬಿಟ್‌ಗಳ ಬರವಿದ್ದರೆ ಉಂಟಾಗುವ ಗದ್ದಲ ಪೆಟ್ಟಿಗಿಂತ ಮುಂಚೆಯೇ ‘ಸ್ಸ್’ ಎಂದು ಚಾಚಿಕೊಂಡು, ಪೆಟ್ಟಿನ ಮೊನೆ ಹೋಗುತ್ತದೆ. 320 ಕೆ ಕೊಟ್ಟರೆ ಹೆಡ್‌ಫೋನ್ ಹಾಕಿ ಕೇಳಿದರೂ ವ್ಯತ್ಯಾಸ ಹಿಡಿಯುವುದು ಕಷ್ಟ. ಯೂಟ್ಯೂಬ್ ಕೂಡ ಸ್ಟೀರಿಯೊಗೆ 384 ಕೆ ಎಎಸಿಯನ್ನು ಶಿಫಾರಸು ಮಾಡುತ್ತದೆ. ಎಎಸಿಯಲ್ಲಿ ‘ಎಲ್‌ಸಿ’ ಬಗೆಯನ್ನೇ ಆರಿಸಿ; ‘ಎಚ್‌ಇ’ ಇರುವುದು ಕಡಿಮೆ ಬಿಟ್‌ರೇಟಿನ ಪ್ರಸಾರಕ್ಕೆ.

ಎಂಕೆವಿ ಹೆಚ್ಚುಕಡಿಮೆ ಯಾವ ಕೋಡೆಕನ್ನೂ ಬೇಡವೆನ್ನುವುದಿಲ್ಲ, ಅದೇ ಅದರ ತೊಡಕು ಕೂಡ: ಮನೆಯವರ ಟಿವಿ ಎಂಕೆವಿ ತೆರೆದರೂ ಒಳಗಿನ ಫ್ಲ್ಯಾಕ್‌ಗೆ ಓಗೊಡುತ್ತದೆಂಬ ಭರವಸೆಯಿಲ್ಲ. ನಿಮ್ಮ ಸಂಗ್ರಹಕ್ಕೆ ಅದನ್ನು ಖಂಡಿತ ಬಳಸಿ. 24 ಬಿಟ್ ಸ್ಟೀರಿಯೊ ಪಿಸಿಎಂ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ, ಫ್ಲ್ಯಾಕ್‌ನಲ್ಲಿ ನಷ್ಟವಿಲ್ಲದೆ ಅದು ಇಳಿಯುತ್ತದೆ. ಮುಂದೆ ಆಟದ ಒಂದು ಭಾಗವನ್ನು ಮತ್ತೆ ಎಡಿಟ್ ಮಾಡುವುದಾದರೆ ಆ ಪ್ರತಿಯಿಂದಲೇ ತೆಗೆಯಿರಿ. ಎಎಸಿಯನ್ನು ಬಿಚ್ಚಿ ಮತ್ತೆ ಎಎಸಿ ಮಾಡಿದಂತೆಲ್ಲ ಧ್ವನಿ ಸವೆಯುತ್ತದೆ.

ಸುರತ್ಕಲ್:
ಪೆನ್‌ಡ್ರೈವಿನ ವಿಷಯವೂ ಇದೆ. ಅದರ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಒಂದೇ ಫೈಲನ್ನು ಹಿಡಿಸಿಕೊಳ್ಳುವುದಿಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಮಾಡಿದರೆ ಹಳೆಯ ಟಿವಿ ಅದನ್ನು ಓದಲಿಕ್ಕಿಲ್ಲ, ಆದ್ದರಿಂದ ಆಟವನ್ನು ಭಾಗಗಳಾಗಿ ಒಡೆದು ಕೊಡುವುದು ಒಳ್ಳೆಯದು. ಚಿತ್ರವನ್ನು ಕಾಪಿ ಮಾಡುತ್ತಾ ಕತ್ತರಿಸಿದರೆ ಭಾಗ ಸರಿಯಾಗಿ ಆರಂಭವಾಗುವುದು ಕೀಫ್ರೇಮ್ (ಪೂರ್ಣ ಚಿತ್ರವನ್ನು ಹೊತ್ತ ಫ್ರೇಮ್) ಇರುವಲ್ಲಿ ಮಾತ್ರ. ನೀವು ಬಯಸಿದ ಜಾಗಕ್ಕಿಂತ ಸ್ವಲ್ಪ ಹಿಂದೆ ಮುಂದೆ ಆಗಬಹುದು. ಪದ್ಯದ ನಡುವೆ ತುಂಡಾಗದಂತೆ, ಒಂದು ವೇಷ ನಿರ್ಗಮಿಸಿ ಇನ್ನೊಂದು ಬರುವುದರೊಳಗಿನ ಬಿಡುವನ್ನು ಆರಿಸಿಕೊಳ್ಳಿ.