ಸುಮಿ, ಅದು ನಿಮ್ಮ ತೋಟದಲ್ಲಿ ಬಿದ್ದಿಲ್ಲ

ಸುಮಿ, ನಿನ್ನ ಮೆಸೇಜು ಈಗ ನೋಡ್ದೆ. ನಿನ್ನೆ ರಾತ್ರಿ ಅರಸೀಕೆರೆ ಮನೆ ತಾರಸಿಯಿಂದ ಪೂರ್ವಕ್ಕೆ ಹಸಿರು ಬೆಂಕಿ ಉಂಡೆ ಕಾಣಿಸ್ತು, ತೆಂಗಿನ ತೋಟದ ಹಿಂದೆ ಬಿತ್ತು, ವಿಷ ಗಿಷ ಇರುತ್ತಾ, ಮಕ್ಕಳನ್ನ ಆ ಕಡೆ ಬಿಡಬಹುದಾ ಅಂತ ಕೇಳಿದೀಯ. ಧಾರಾಳವಾಗಿ ಬಿಡಮ್ಮ. ನೀ ನೋಡಿದ್ದು ಉಲ್ಕೆ ಇರಬೇಕು, ಅಂದ್ರೆ ಬಾಹ್ಯಾಕಾಶದಿಂದ ಬಂದು ಗಾಳಿಯಲ್ಲಿ ಉರಿಯೋ ಕಲ್ಲು. ಹಸಿರು ಅಂದ್ರೆ ನಿಕ್ಕಲ್ಲೋ ಮೆಗ್ನೀಷಿಯಮ್ಮೋ ಉರಿದಿರುತ್ತೆ, ಅಷ್ಟೇ. ಉಲ್ಕೆ ಹೊತ್ತಿಕೊಳ್ಳೋದೇ 80-100 ಕಿಲೋಮೀಟರ್ ಎತ್ತರದಲ್ಲಿ. ಎಷ್ಟೇ ದೊಡ್ಡದಾದ್ರೂ ಸಾಮಾನ್ಯವಾಗಿ 20-30 ಕಿಲೋಮೀಟರ್ ಮೇಲಿರುವಾಗಲೇ ಆರಿಹೋಗುತ್ತೆ, ಉಳಿದ ಕಲ್ಲು ಕತ್ತಲಲ್ಲೇ ಬೀಳೋದು. ಉರೀತಾ ಉರೀತಾನೇ ಮರದ ಮರೆಗೆ ಹೋಯ್ತು ಅಂದ್ರೆ ಬಹಳ ದೂರದ್ದು. ಕೈ ಚಾಚಿ ಮುಷ್ಟಿ ಹಿಡಿದ್ರೆ ಸುಮಾರು 10 ಡಿಗ್ರಿ. ದಿಗಂತದಿಂದ ಒಂದು ಮುಷ್ಟಿ ಮೇಲೆ, 30 ಕಿಲೋಮೀಟರ್ ಎತ್ತರದಲ್ಲಿ ಆರಿತು ಅಂತ ಲೆಕ್ಕ ಹಾಕು, ನಿಮ್ಮಿಂದ 170 ಕಿಲೋಮೀಟರ್ ಆಯ್ತು. ಬೆಂಗಳೂರೂ ದಾಟಿತಲ್ಲ! ಹುಡುಕ್ಕೊಂಡು ಮಾತ್ರ ಹೋಗಬೇಡಿ.

ನಮ್ಮ ಗಂಗಣ್ಣನ ಹೊಲದ ವಿಷಯ ನಿಮಗೆಲ್ಲ ಗೊತ್ತೇ ಇದೆ. ಕೆರೆ ಹಿಂದೆ ಬಿತ್ತು ಅಂತ ಯಾರೋ ಕೂಗಿದ್ದಕ್ಕೆ ಅರ್ಧ ಊರು ಟಾರ್ಚ್ ಹಿಡಿದು ನುಗ್ಗಿತು. ತೆನೆ ಕಟ್ಟಿದ್ದ ರಾಗಿ ನೆಲಸಮ. ಸಿಕ್ಕಿದ್ದೇನು? ಹಳೇ ಕುಲುಮೆಯ ಕಿಟ್ಟ, ಕಬ್ಬಿಣ ಕಾಸಿ ಉಳಿದ ಕಸ. ಅಯಸ್ಕಾಂತಕ್ಕೆ ಅಂಟಿತು ಅಂತ ಕುಣಿದ್ರು. ಕಬ್ಬಿಣ ಉಳಿದಿದ್ರೆ ಕಿಟ್ಟಾನೂ ಅಂಟುತ್ತೆ. ಅದರ ಮೈತುಂಬ ಗುಳ್ಳೆ ತೂತು ಬೇರೆ, ಉಲ್ಕಾಶಿಲೆಗೆ ಹಾಗಿರೋದು ಬಲು ಅಪರೂಪ. ಹೊಸದಾಗಿ ಬಿದ್ದದ್ದಾದ್ರೆ ತೆಳ್ಳಗೆ ಕರೀ ಸಿಪ್ಪೆ, ಒಡೆದ ಕಡೆ ಹೆಚ್ಚಾಗಿ ಬೂದು ಬಣ್ಣ, ಕೈಗೆ ಭಾರ. ನಿಜವಾದ್ದೇ ಸಿಕ್ಕಿದ್ರೂ ಅಯಸ್ಕಾಂತ ತಾಗಿಸಬಾರದು, ಅದರೊಳಗಿನ ಹಳೇ ಕಾಂತೀಯ ಗುರುತು ಅಳಿಸಿಹೋಗುತ್ತೆ. ಇನ್ನೊಂದ್ಸಲ ಹೇಳ್ತೀನಿ, ಹುಡುಕ್ಕೊಂಡು ಹೋಗಬೇಡಿ. ಆ ರಾಗಿಗೆ ಇವತ್ತಿನವರೆಗೂ ಒಬ್ಬನೂ ಒಂದು ಕಾಸು ಕೊಟ್ಟಿಲ್ಲ.

ಡಿಸೆಂಬರ್ 13, 14ಕ್ಕೆ ಜೆಮಿನಿಡ್ಸ್ ಉಲ್ಕಾವೃಷ್ಟಿ ನೋಡೋಕೆ ಬನ್ನಿ ಅಂತ ಪ್ರತಿ ವರ್ಷ ಕರೀತೀನಿ. ಚಳಿ ಅಂತೀರಿ. ಬೆಂಕಿ ಉಂಡೆ ಕಂಡಾಗ ಮಾತ್ರ ದೊಡ್ಡಪ್ಪ ನೆನಪಾಗ್ತಾನೆ. ಇಲ್ಲಿ ಪಕ್ಕದ ಮನೆಯವರ ಎಲ್‌ಇಡಿ ದೀಪ ಬೇರೆ, ಆಕಾಶಕ್ಕೇ ಮುಖ ಮಾಡಿದೆ. ಆರಿಸಿ ಅಂದ್ರೆ ಕಳ್ಳರ ಭಯವಂತೆ. ಆರಿಸೋದೂ ಬೇಡ, ಮೇಲೊಂದು ಮುಚ್ಚಳ ಹಾಕಿದ್ರೆ ಅವರಿಗೇ ಅಂಗಳ ಚೆನ್ನಾಗಿ ಕಾಣುತ್ತೆ. ಯಾರು ಕೇಳ್ತಾರೆ.

ಹಾಂ, ಮುಖ್ಯವಾದ್ದೇ ಬಿಟ್ಟುಹೋಯ್ತು. ತಾರಸಿಯಲ್ಲಿ ನಿಂತಿದ್ದ ಜಾಗದಲ್ಲೇ ನಿಂತು, ಎಲ್ಲಿ ಶುರುವಾಯ್ತು, ಎಲ್ಲಿ ಆರಿತು, ಎರಡಕ್ಕೂ ಮೊಬೈಲ್ ದಿಕ್ಸೂಚಿಯಲ್ಲಿ ದಿಕ್ಕು, ಮುಷ್ಟಿಯಲ್ಲಿ ಎತ್ತರ ಬರ್ಕೊ. ಎಷ್ಟು ಸೆಕೆಂಡು ಇತ್ತು? ಅರ್ಧ ನಿಮಿಷ ಚೂರುಚೂರಾಗಿ ತೆವಳಿದ್ರೆ ಅದು ಬಹುಶಃ ಉಲ್ಕೆಯಲ್ಲ, ರಾಕೆಟ್ಟಿನದೋ ಉಪಗ್ರಹದ್ದೋ ತುಂಡು. ಆಮೇಲೆ ಗುಡುಗಿದ ಹಾಗೆ ಸದ್ದು ಬಂದಿದ್ರೆ ಎಷ್ಟು ಹೊತ್ತಿಗೆ ಅನ್ನೋದೂ ಬೇಕು, ಕಿಲೋಮೀಟರಿಗೆ 3 ಸೆಕೆಂಡು ಲೆಕ್ಕ. ನಿನ್ನ ಗಂಡನೂ ನೋಡಿದ್ರೆ ಅವರು ಬೇರೆ ಬರೀಲಿ, ಇಬ್ಬರೂ ಮಾತಾಡ್ಕೊಂಡು ಬರೀಬೇಡಿ. ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆಯ ವೆಬ್‌ಸೈಟಲ್ಲಿ ಫಾರಂ ಇದೆ, ಅದರಲ್ಲಿ ತುಂಬಿ. ಎಲ್ಲಕ್ಕಿಂತ ಮೊದಲು ಗೇಟಿನ ಸಿಸಿಟಿವಿ ದೃಶ್ಯ ಪೆನ್‌ಡ್ರೈವಿಗೆ ಹಾಕ್ಕೊ, ಅದನ್ನ ರೆಕಾರ್ಡ್ ಮಾಡೋ ಡಿವಿಆರ್ ಪೆಟ್ಟಿಗೆ ತುಂಬಿದ್ರೆ ಹಳೇದನ್ನ ತಾನೇ ಅಳಿಸುತ್ತೆ. ಉಲ್ಕೆ ಕಾಣದಿದ್ರೂ ಪರವಾಗಿಲ್ಲ, ಅದರ ಬೆಳಕಿಗೆ ಕಂಬದ ನೆರಳು ಸರಿದದ್ದು ಸಿಕ್ಕಿದ್ರೂ ದಾರಿ ಲೆಕ್ಕ ಹಾಕಬಹುದು. ಡಿವಿಆರ್ ಗಡಿಯಾರ ಮೊಬೈಲಿಗಿಂತ ಎಷ್ಟು ಹಿಂದೆ ಮುಂದೆ ಇದೆ ಅಂತ ಬರ್ಕೊ, ಸರಿ ಮಾಡೋಕೆ ಮಾತ್ರ ಹೋಗಬೇಡ.